ಕಂಕುಳಲ್ಲಿದ್ದ ಪುಸ್ತಕ: ಪಾಬ್ಲೋ ಕಸಾಲ್ಸ್ ಮತ್ತು ಚೆಲ್ಲೊ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಪಿಟೀಲಿನ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೊ ಕಲಿಯುವವರ ಬಲ ಕಂಕುಳಲ್ಲಿ ಪುಸ್ತಕ ಇಡಿಸುತ್ತಿದ್ದರು. ಕಮಾನು ಎಳೆಯುವಾಗ ಅದು ಬೀಳಕೂಡದು, ಅಂದರೆ ಮೊಣಕೈ ಪಕ್ಕೆ ಬಿಟ್ಟು ಅಲುಗಕೂಡದು. ಸ್ಪೇನಿನ ಕ್ಯಾಟಲೋನಿಯಾದ ಎಲ್ ವೆಂಡ್ರೆಲ್‌ನಲ್ಲಿ 1876ರಲ್ಲಿ ಹುಟ್ಟಿದ ಚೆಲ್ಲೊ ವಾದಕ ಪಾಬ್ಲೋ ಕಸಾಲ್ಸ್ ಬಾರ್ಸಿಲೋನಾದಲ್ಲಿ ಕಲಿಯುತ್ತಿದ್ದಾಗಲೇ ಈ ಕಟ್ಟುಪಾಡು ಮುರಿದರು.

ಮುರಿಯಲೇಬೇಕಿತ್ತು. ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಾದ ಕುದುರೆಯ ಮೇಲೆ ನಾಲ್ಕು ತಂತಿಗಳೂ ಬಾಗಿನಲ್ಲಿ ಕೂತಿರುವುದರಿಂದ ಒಂದೊಂದು ತಂತಿಗೂ ಮೊಣಕೈಯ ಎತ್ತರ ಬೇರೆ. ಮೊಣಕೈ ಕಟ್ಟಿಹಾಕಿದರೆ ಕಮಾನಿನ ತುದಿ ತಲುಪುವ ಹೊತ್ತಿಗೆ ಅದು ಓರೆಯಾಗುತ್ತದೆ, ನಾದ ತೆಳ್ಳಗಾಗುತ್ತದೆ. ಮೊಣಕೈ ಬಿಡಿಸಿಕೊಳ್ಳಲು ಹೋಗಿ ಭುಜ ಎತ್ತುವುದು ಇಂದಿಗೂ ಕಲಿಯುವವರು ಮಾಡುವ ತಪ್ಪು. ಕತ್ತು ಬಿಗಿಯುತ್ತದೆ, ಕೈಯ ಭಾರ ತಂತಿಗೆ ಇಳಿಯುವುದೇ ಇಲ್ಲ.

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ ಎಡಗೈಯದು. ಚೆಲ್ಲೊದ ತಂತಿ ಸುಮಾರು 69 ಸೆಂ.ಮೀ. ಉದ್ದ. ಎ ತಂತಿಯ ಮೊದಲ ಸ್ಥಾನದಲ್ಲಿ, ಅಂದರೆ ಕೈ ತಂತಿಯ ಮೇಲ್ತುದಿಯ ಹತ್ತಿರ ಇರುವಾಗ, ತೋರುಬೆರಳಿನ ಬಿ ಸ್ವರದಿಂದ ಕಿರುಬೆರಳಿನ ಡಿ ಸ್ವರಕ್ಕೆ ಸುಮಾರು 10 ಸೆಂ.ಮೀ. ತೋರುಬೆರಳನ್ನು ಹಿಂದಕ್ಕೆ ಚಾಚಿ, ಬಿಗಿಂತ ಅರ್ಧ ಸ್ವರ ಕೆಳಗಿನ ಬಿ ಫ್ಲ್ಯಾಟ್ ಹಿಡಿದರೆ ಹದಿಮೂರೂವರೆ. ಕೈಯನ್ನೇ ಅತ್ತಿತ್ತ ಸರಿಸುತ್ತಿದ್ದ ಹಳೆಯ ರೂಢಿಯಲ್ಲಿ ಬೇಡದ ಕಡೆಯೆಲ್ಲ ಜಾರು ಕೇಳಿಸುತ್ತಿತ್ತು. ಕಸಾಲ್ಸ್ ಈ ಚಾಚುವಿಕೆಯನ್ನು ಧಾರಾಳವಾಗಿ ಬಳಸಿದರು. ಇಲ್ಲಿ ಹೆಬ್ಬೆರಳು ನಡುಬೆರಳಿನ ಎದುರಿಗೇ ಉಳಿಯಬೇಕು, ತೋರುಬೆರಳು ಮಾತ್ರ ನೆಟ್ಟಗಾಗಿ ಹಿಂದೆ ಹೋಗಬೇಕು. ಸ್ವರ ಮುಗಿದ ಕೂಡಲೇ ಕೈ ಸಡಿಲಿಸಬೇಕು. ಹೆಬ್ಬೆರಳಿನಿಂದ ಚೆಲ್ಲೊದ ಕತ್ತನ್ನು ಹಿಂಡಿ ಹಿಡಿದವರಿಗೆ ಹತ್ತೇ ನಿಮಿಷದಲ್ಲಿ ಅದರ ಬುಡ ನೋಯತೊಡಗುತ್ತದೆ.

ಶ್ರುತಿಯ ವಿಷಯದಲ್ಲೂ ಅವರು ಸ್ವರಗಳ ಅಂತರ ಕಟ್ಟಿಟ್ಟಿರುವ ಪಿಯಾನೋದ ಮಾತು ಕೇಳಲಿಲ್ಲ. ಷಡ್ಜಕ್ಕೆ ಹತ್ತುವ ನಿಷಾದವನ್ನು ಕೂದಲೆಳೆಯಷ್ಟು ಮೇಲಕ್ಕೆ, ಷಡ್ಜಕ್ಕೆ ಒತ್ತಿಯೇ ಹಿಡಿಯುತ್ತಿದ್ದರು. ನಮ್ಮ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1890ರಲ್ಲಿ, ಹದಿಮೂರರ ಹುಡುಗನಾಗಿದ್ದಾಗ, ಬಾರ್ಸಿಲೋನಾದ ಬಂದರಿನ ಹತ್ತಿರದ ಹಳೆಯ ಅಂಗಡಿಯೊಂದರಲ್ಲಿ ಜರ್ಮನ್ ಸಂಗೀತಕಾರ ಬಾಖ್‌ನ ಆರು ಚೆಲ್ಲೊ ಸೂಟ್‌ಗಳ (ನೃತ್ಯಗತಿಯ ತುಣುಕುಗಳ ಮಾಲೆಗಳ) ಪ್ರತಿ ಅವರ ಕೈಗೆ ಸಿಕ್ಕಿತು. ಆ ಕಾಲದಲ್ಲಿ ಅವನ್ನು ಬರಿಯ ಅಭ್ಯಾಸದ ಪಾಠಗಳೆಂದೇ ಬಹಳ ಜನ ಎಣಿಸಿದ್ದರು. ವೇದಿಕೆಯಲ್ಲಿ ಒಂದು ಇಡೀ ಸೂಟ್ ನುಡಿಸುವ ಮುನ್ನ ಕಸಾಲ್ಸ್ ಹನ್ನೆರಡು ವರ್ಷ ದಿನವೂ ಅವನ್ನು ತಿದ್ದಿ ತೀಡಿದರು. ಆರನೆಯದಂತೂ ಐದು ತಂತಿಯ ವಾದ್ಯಕ್ಕೆ ಬರೆದದ್ದು. ಮೇಲಿನ ಇ ತಂತಿ ಇಲ್ಲದ ನಾಲ್ಕು ತಂತಿಯ ಚೆಲ್ಲೊದಲ್ಲಿ ಹೆಬ್ಬೆರಳನ್ನೇ ತಂತಿಯ ಮೇಲೆ ಅಡ್ಡ ಒತ್ತಿ ಮೇಲಿನ ಸ್ವರಗಳಿಗೆ ಏರಬೇಕು. ಬೆರಳಿನ ಪಕ್ಕ ಜಡ್ಡುಗಟ್ಟುವ ತನಕ ಅದು ಉರಿಯುತ್ತಲೇ ಇರುತ್ತದೆ.

ಈ ಸೂಟ್‌ಗಳ ಧ್ವನಿಮುದ್ರಣ ಶುರುವಾದದ್ದು 1936ರ ನವೆಂಬರಿನಲ್ಲಿ, ಲಂಡನ್ನಿನಲ್ಲಿ, ಎರಡು ಮತ್ತು ಮೂರನೆಯ ಸೂಟ್‌ಗಳಿಂದ. ಅಷ್ಟರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಹತ್ತಿಕೊಂಡಿತ್ತು. ನಾಲ್ಕು ಮತ್ತು ಐದನೆಯವು ಪ್ಯಾರಿಸ್ಸಿನಲ್ಲಿ ಮುಗಿದದ್ದು 1939ರ ಜೂನ್‌ನಲ್ಲಿ. ಬಾರ್ಸಿಲೋನಾ ಆ ವರ್ಷದ ಜನವರಿಯಲ್ಲೇ ಬಂಡಾಯದ ಸೇನಾಪತಿ ಫ್ರಾಂಕೋ ವಶವಾಗಿತ್ತು. ಫ್ರಾಂಕೋ ಆಳ್ವಿಕೆ ಒಪ್ಪದ ಕಸಾಲ್ಸ್ ಫ್ರಾನ್ಸಿನ ಪ್ರಾಡ್‌ನಲ್ಲಿ ನೆಲೆಸಿದರು, 1973ರಲ್ಲಿ ಪೋರ್ಟೊ ರಿಕೊದಲ್ಲಿ ತೀರಿಕೊಂಡರು. ಎಲ್ ವೆಂಡ್ರೆಲ್‌ನ ಮಣ್ಣಿಗೆ ಅವರ ದೇಹ ಮರಳಿದ್ದು ಫ್ರಾಂಕೋ ಕಾಲ ಮುಗಿದ ಮೇಲೆ, 1979ರಲ್ಲಿ.