ಒಡವೆ ಪೆಟ್ಟಿಗೆಯವರೆಗೆ ಬಂದ ಯುದ್ಧ

1962ರ ಅಕ್ಟೋಬರ್‌ನಲ್ಲಿ ಚೀನಾದೊಂದಿಗೆ ಯುದ್ಧ ಶುರುವಾದಾಗ ದೇಶದ ಎಷ್ಟೋ ಊರುಗಳಲ್ಲಿ ಹೆಂಗಸರು ಕೈಬಳೆ, ಓಲೆಗಳನ್ನು ಬಿಚ್ಚಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟರು. ಮನೆಯ ಚಿನ್ನ ಮನಸಾರೆ ಹೊರಬಂದು ಮೂರು ತಿಂಗಳು ಕಳೆಯುವುದರೊಳಗೆ, 1963ರ ಜನವರಿಯಲ್ಲಿ, ಹಣಕಾಸು ಸಚಿವ ಮೊರಾರ್ಜಿ ದೇಸಾಯಿಯವರು ಯುದ್ಧಕಾಲಕ್ಕೆಂದು ಮಾಡಿದ್ದ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿಯೇ ಚಿನ್ನ ನಿಯಂತ್ರಣವನ್ನು ತಂದರು. ಒಡವೆಯಲ್ಲದ ಚಿನ್ನವನ್ನು, ಅಂದರೆ ಗಟ್ಟಿಯನ್ನೂ ನಾಣ್ಯವನ್ನೂ, ಜನ ಸರ್ಕಾರಕ್ಕೆ ಘೋಷಿಸಬೇಕಾಯಿತು. ಹೊಸದಾಗಿ ಮಾಡುವ ಯಾವ ಒಡವೆಯೂ 14 ಕ್ಯಾರೆಟ್ ಮೀರುವಂತಿರಲಿಲ್ಲ.

ಸರ್ಕಾರಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆಗ ನಮ್ಮಲ್ಲಿ ಚಿನ್ನದ ಬೆಲೆ ಹೊರದೇಶದ ಬೆಲೆಯ ಸುಮಾರು ಎರಡು ಪಟ್ಟಿತ್ತು. ಕಳ್ಳಸಾಗಣೆಯ ಚಿನ್ನಕ್ಕಾಗಿ ವಿದೇಶಿ ವಿನಿಮಯ ಸೋರುತ್ತಿತ್ತು. ಆದರೆ ಆ ರೋಗ ಯುದ್ಧಕ್ಕಿಂತ ಹಳೆಯದು, ಅದಕ್ಕೆ ಮದ್ದು ಅರೆಯಲು ಯುದ್ಧಕಾಲದ ಅಧಿಕಾರವನ್ನೇ ಆರಿಸಿಕೊಂಡದ್ದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. ಯುದ್ಧ ಶುರುವಾದಾಗ ಘೋಷಿಸಿದ್ದ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಷ್ಟು ಕಾಲ ಸಂವಿಧಾನದ 19ನೇ ವಿಧಿ ಕೊಡುವ ರಕ್ಷಣೆ ತಾನಾಗಿಯೇ ಅಮಾನತಿನಲ್ಲಿರುತ್ತಿತ್ತು. ಆಸ್ತಿಯ ಹಕ್ಕು, ಕಸುಬಿನ ಹಕ್ಕು ಎರಡೂ ಆಗ ಆ ವಿಧಿಯೊಳಗೇ ಇದ್ದವು. ಯುದ್ಧ ಒಂದು ತಿಂಗಳಲ್ಲಿ ನಿಂತರೂ ತುರ್ತು ಪರಿಸ್ಥಿತಿ 1968ರ ಜನವರಿಯವರೆಗೂ ಮುಂದುವರಿಯಿತು.

ಹೊಡೆತ ಮೊದಲು ಬಿದ್ದದ್ದು ಅಕ್ಕಸಾಲಿಗರ ಕುಲುಮೆಗೆ. 22 ಕ್ಯಾರೆಟ್‌ನಲ್ಲಿ ನೂರಕ್ಕೆ ಸುಮಾರು 92 ಪಾಲು ಚಿನ್ನವಿದ್ದರೆ 14 ಕ್ಯಾರೆಟ್‌ನಲ್ಲಿ 58 ಪಾಲು ಮಾತ್ರ. ಉಳಿದದ್ದು ತಾಮ್ರ, ಬೆಳ್ಳಿ. ಅದು ಗಡುಸು, ಬಣ್ಣವೂ ಬೇರೆ, ತಲೆಮಾರುಗಳಿಂದ ಮೆದು ಚಿನ್ನಕ್ಕೆ ಪಳಗಿದ ಕೈಗೆ ಒಗ್ಗುವಂಥದ್ದಲ್ಲ. ಮಗಳ ತಾಳಿಗೆ ಅಂಥ ಚಿನ್ನವನ್ನು ಯಾರು ತಾನೇ ಬಯಸುತ್ತಾರೆ? ಕೆಲಸವಿಲ್ಲದೆ ಲಕ್ಷಾಂತರ ಕುಟುಂಬಗಳು ಕಂಗಾಲಾದವು, ಅಕ್ಕಸಾಲಿಗರ ಆತ್ಮಹತ್ಯೆಗಳು ಸಂಸತ್ತಿನಲ್ಲಿಯೂ ಚರ್ಚೆಗೆ ಬಂದವು. 14 ಕ್ಯಾರೆಟ್ ನಿರ್ಬಂಧ ತೆರವಾದದ್ದು 1966ರಲ್ಲಿ. ಅಷ್ಟರಲ್ಲಿ ಕುಲುಮೆ ಆರಿಸಿ ಕೂಲಿಗೆ ಹೋದವರ ಲೆಕ್ಕವನ್ನು ಯಾವ ಘೋಷಣಾ ಪತ್ರವೂ ಕೇಳಲಿಲ್ಲ.

ನಿಯಂತ್ರಣ ಮಾತ್ರ ಹೋಗಲಿಲ್ಲ. 1968ರಲ್ಲಿ ಅದೇ ಒಂದು ಕಾಯ್ದೆಯಾಗಿ ಬಂದು ಒಡವೆಗಳ ಮೇಲೂ ಕಣ್ಣಿಟ್ಟಿತು: ಒಬ್ಬರಲ್ಲಿ 2,000 ಗ್ರಾಂ, ಕುಟುಂಬದಲ್ಲಿ 4,000 ಗ್ರಾಂ ಮೀರಿದರೆ ಘೋಷಣೆ ಕಡ್ಡಾಯ. ಅಷ್ಟು ಒಡವೆ ಸಾಮಾನ್ಯರ ಮನೆಯಲ್ಲಿ ಎಲ್ಲಿಯದು ಎಂದು ಕೇಳಬಹುದು. ಆದರೆ ಹೆಂಗಸರ ಹೆಸರಿನಲ್ಲಿ ಹೊಲವೂ ಬ್ಯಾಂಕಿನ ಖಾತೆಯೂ ಅಪರೂಪವಾಗಿದ್ದ ಕಾಲದಲ್ಲಿ, ತವರಿನಿಂದ ಬಂದ ಬಂಗಾರವೇ ಅವರ ಸ್ವಂತದ್ದು ಎನ್ನಬಹುದಾದ ಏಕೈಕ ಆಸ್ತಿ. ಎಷ್ಟೋ ಮನೆಗಳಲ್ಲಿ ಅದರ ತೂಕ ಗಂಡನಿಗೂ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಅದನ್ನು ಅರಿಯುವ ಅಧಿಕಾರ ತನಗಿದೆ ಎಂದು ಸರ್ಕಾರ ಹೇಳಿದ್ದೇ ನನ್ನ ಮನಸ್ಸನ್ನು ಚುಚ್ಚುವ ಮಾತು. ಮಿತಿ ಎಷ್ಟು ಎಂಬುದು ಆಮೇಲಿನದು.

ತುರ್ತು ಪರಿಸ್ಥಿತಿ ಮುಗಿದಿದ್ದರಿಂದ ಈ ಕಾಯ್ದೆಯನ್ನು 19ನೇ ವಿಧಿಯ ಒರೆಗಲ್ಲಿಗೆ ಹಚ್ಚುವುದು ಸಾಧ್ಯವಾಯಿತು. 1969ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಒಟ್ಟಾರೆ ಉಳಿಸಿದರೂ ಅದರ ಹಲವು ಕಲಮುಗಳನ್ನು ರದ್ದು ಮಾಡಿತು. ಒಂದು ತಿಂಗಳ ಯುದ್ಧದ ನೆಪದಲ್ಲಿ ಬಂದ ಚಿನ್ನ ನಿಯಂತ್ರಣ ಪೂರ್ತಿಯಾಗಿ ತೊಲಗಿದ್ದು 1990ರಲ್ಲಿ, ಇಪ್ಪತ್ತೇಳು ವರ್ಷಗಳ ನಂತರ.