ಜೋರು ಮಾತಿನ ಮೀಟಿಂಗ್

ಮಡಿಕೇರಿಯ ನಮ್ಮ ಆಫೀಸಿನಲ್ಲಿ ಇವತ್ತು ಮೀಟಿಂಗ್ ಅಂದರೆ ಜೋರು ಮಾತು. ರೊಬಸ್ಟಾ ಕಾಫಿ ಕೊಯ್ಲಿನ ಸಮಯ, ಎಲ್ಲರಿಗೂ ಲಾರಿ ಮೊದಲು ತಮಗೇ ಬೇಕು. ಮೇಡಂ ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ. "ನೀವು ಹೇಳಿ ಮುಗಿಸಿ, ಆಮೇಲೆ ಅವರು" ಅಂತ ಎರಡೂ ಕಡೆಯ ಮಾತನ್ನು ಬೋರ್ಡಿನ ಮೇಲೆ ಬರೆದರು. ಓದಿ ನೋಡಿದರೆ ಇಬ್ಬರದ್ದೂ ಅರ್ಧ ಅರ್ಧ ಸರಿ!

ತಂಡ ಹದಕ್ಕೆ ಬರುವ ಮೊದಲು ಕಿತ್ತಾಟದ ಹಂತವೊಂದನ್ನು ದಾಟುತ್ತದೆ ಅಂತ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲೇ ಬರೆದಿದ್ದರು. ಕೂಗಾಡುವವರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಒಳಗೆ ತಲೆಯಾಡಿಸಿ, ಹೊರಗೆ ಕಾಫಿ ಕುಡಿಯುವಾಗ "ಇದೆಲ್ಲ ಆಗುವ ಮಾತಾ?" ಅನ್ನುವವರೇ ಕಷ್ಟ. ಅಂಥವರು ಎಲ್ಲ ಆಫೀಸಿನಲ್ಲೂ ಜಾಸ್ತಿ, ಅಲ್ವಾ?

ಅಂದ ಹಾಗೆ, ಲಾರಿ ಮೊದಲು ಸಿದ್ದಾಪುರಕ್ಕೆ. ಅಲ್ಲಿ ಕಣ ತುಂಬಿದೆಯಂತೆ.