ಆರು ಮೂಲೆಯ ಕಾಗದ

ಭಾನುವಾರ ಇಡೀ ದಿನ ಜಡಿಮಳೆ. ಕರೆಂಟೂ ಇಲ್ಲ. ಸುಮ್ನೆ ಸ್ಕ್ರ್ಯಾಪ್‌ಬುಕ್ ತೆಗೆದು ಕೂತೆ. ಡಿಸೆಂಬರಿನಲ್ಲಿ ಮಲ್ಪೆಯಿಂದ ಬೋಟು ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವಲ್ಲ, ಆ ಫೋಟೋಗಳು. 12 ಇಂಚಿನ ಚೌಕ ಹಾಳೆ, ಆಕಾರ ಬರೆದುಕೊಳ್ಳುವ ಪ್ಲಾಸ್ಟಿಕ್ ಟೆಂಪ್ಲೇಟು, ಕಟ್ಟರ್.

ನೀಲಿ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಅಲೆಯ ಆಕಾರ ಬರೆದು ಕತ್ತರಿಸಿದೆ. ತಿರುಗಿಸಿದರೆ ಅಲೆ ಉಲ್ಟಾ! ಹಿಂಬದಿಯಲ್ಲಿ ಬರೆಯುವಾಗ ಟೆಂಪ್ಲೇಟನ್ನೂ ಮಗುಚಿ ಇಡಬೇಕು. ಗೊತ್ತಿದ್ದೂ ಮರೆತೆ. ಒಳ್ಳೆಯ ಕಾಗದ ದಂಡ.

ಆಮೇಲೆ ಆರು ಮೂಲೆಯ ಆಕಾರ ಹಿಡಿದೆ. ಅದಕ್ಕೆ ಎಡ ಬಲ ಅಂತ ಇಲ್ಲ ಮಾರಾಯ್ರೆ. ಕಪ್ಪು, ಬೂದು, ನಡುವೆ ಒಂದೇ ಒಂದು ಅರಶಿನ ಬಣ್ಣದ ತುಂಡು. ಬಣ್ಣ ಜಾಸ್ತಿಯಾದರೆ ಫೋಟೋ ಕಾಣುವುದೇ ಇಲ್ಲ, ಅಲ್ವಾ? ಅಂಟಿಸುತ್ತಾ ಹೋದಂತೆ ನಗು ಬಂತು. ದ್ವೀಪದ ಕಲ್ಲುಕಂಬಗಳೂ ಹೀಗೇ ಇವೆ. ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟು ಮೂಡಿದ ಆಕಾರ. ಯಾರೂ ಟೆಂಪ್ಲೇಟ್ ಇಟ್ಟಿರಲಿಲ್ಲ. ಹಾಗಾಗಿಯೋ ಏನೋ, ಐದು ಮೂಲೆಯವೂ ನಡುವೆ ಸೇರಿಕೊಂಡಿವೆ.

ಅಮ್ಮ ಚಾ ತಂದಿಟ್ಟು ಬಗ್ಗಿ ನೋಡಿದರು. "ಇದೆಂಥದು, ಜೇನುಗೂಡಾ?"